ನಮ್ಮ ವಯಸ್ಸಾದವರು ಮುಂದೆ ಎಲ್ಲಿರುತ್ತಾರೆ?

2025ರ ಮಾರ್ಚ್ ತಿಂಗಳಲ್ಲಿ ಬಂದ ಸುದ್ದಿಯೊಂದು ನಾಲ್ಕು ದಿನ ಚರ್ಚೆಯಾಗಿ ಮರೆತುಹೋಯಿತು. ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಚಿಕಿತ್ಸೆಗೆಂದು ಕರೆತಂದ ತಂದೆ-ತಾಯಿಯನ್ನು ಮಕ್ಕಳು ಅಲ್ಲೇ ಬಿಟ್ಟುಹೋದ ಪ್ರಕರಣಗಳು 150ಕ್ಕೂ ಹೆಚ್ಚಿವೆ ಎಂಬ ಸಂಗತಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರ ಗಮನಕ್ಕೆ ಬಂತು. ಉಳಿದ ಸರಕಾರಿ ವೈದ್ಯಕೀಯ ಸಂಸ್ಥೆಗಳಲ್ಲೂ ಇದೇ ಕತೆ ಎಂದು ತಿಳಿಯಿತು. ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಿ ಎಂದು ಸಚಿವರು ಸೂಚಿಸಿದರು. ಓದಿದವರು ಮಕ್ಕಳಿಗೆ ಶಾಪ ಹಾಕಿ ಪತ್ರಿಕೆ ಮಡಚಿಟ್ಟರು.

ಬೆಳಗಾವಿ ನಮಗೆ ದೂರದ ಊರಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯವರು ಕಾಯಿಲೆ ಜೋರಾದರೆ ಓಡುವುದೇ ಬೆಳಗಾವಿಗೆ, ಧಾರವಾಡಕ್ಕೆ, ಹುಬ್ಬಳ್ಳಿಗೆ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಟ್ಟಲೆ ಕೂಗಿದ್ದಾರೆ, ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಹೇಳಿಯೂ ನೋಡಿದ್ದಾರೆ. ನಾಳೆ ಬಿಮ್ಸ್ ವಾರ್ಡಿನ ಮೂಲೆಯ ಮಂಚದಲ್ಲಿ ನಮ್ಮ ಊರಿನವರು ಇರಲಾರರು ಎಂದು ಎದೆ ತಟ್ಟಿ ಹೇಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗಿದೆ?

ನಾವು ಈ ಮಾತನ್ನು ಇಂದೇ ಎತ್ತುತ್ತಿರುವುದಕ್ಕೆ ಕಾರಣವಿದೆ. ಇನ್ನು ಹತ್ತು-ಹದಿನೈದು ವರ್ಷದಲ್ಲಿ ಕೋಗಿಲಬನ, ಮೌಳಂಗಿ, ಅಂಬೇವಾಡಿಯಂಥ ಊರುಗಳಿಂದ, ಜೋಯಿಡಾದ ಕಾಡಿನ ನಡುವಿನ ಮಜರೆಗಳಿಂದ, ಮುಂಡಗೋಡದ ಗೌಳಿವಾಡಗಳಿಂದ ವಯಸ್ಸಾದವರು ವೃದ್ಧಾಶ್ರಮಗಳಿಗೆ ಹೋಗಲೇಬೇಕಾದ ಕಾಲ ಬರುತ್ತದೆ. ಹೋಗಬಾರದು ಎನ್ನುವುದು ನಮ್ಮ ವಾದವಲ್ಲ. ಹೋಗಬೇಕಾಗಿ ಬಂದರೆ ಎಲ್ಲಿಗೆ, ಯಾರ ನಿರ್ಧಾರದಿಂದ, ಎಂಥ ಜಾಗಕ್ಕೆ ಎಂಬುದನ್ನು ಈಗಲೇ ಯೋಚಿಸದಿದ್ದರೆ ಆ ಕೆಲಸವನ್ನು ದಲ್ಲಾಳಿಗಳೂ ಆಸ್ಪತ್ರೆಯ ವರಾಂಡಗಳೂ ಮಾಡಿಬಿಡುತ್ತವೆ.

ಲೆಕ್ಕ ಸರಳವಾಗಿದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಹುಟ್ಟುವ ಮಕ್ಕಳ ಸರಾಸರಿ 2005–06ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ ಎರಡರ ಆಸುಪಾಸಿಗೆ ಇಳಿದಿತ್ತು. 2019–21ರ ಸಮೀಕ್ಷೆಯಲ್ಲಿ ಅದು 1.7. ಒಂದೋ ಎರಡೋ ಮಕ್ಕಳಿಗೆ ಸಾಕೆಂದ ಆ ದಂಪತಿಗಳಲ್ಲಿ ಹಲವರು ಈಗ 55–60ರ ಆಚೀಚೆ ಇದ್ದಾರೆ, 2040ರ ಹೊತ್ತಿಗೆ 70 ದಾಟಿರುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ನೂರು ಜನರಲ್ಲಿ 60 ದಾಟಿದವರು ಒಂಬತ್ತೂವರೆ ಮಂದಿ. 2050ಕ್ಕೆ ದೇಶದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರ ವರದಿಯಲ್ಲಿ ಅಂದಾಜಿಸಿದೆ. ಮಕ್ಕಳು ಕಡಿಮೆ ಹುಟ್ಟಿದ ದಕ್ಷಿಣದ ರಾಜ್ಯಗಳು ಆ ದಿನವನ್ನು ಮೊದಲೇ ಕಾಣುತ್ತವೆ.

ನಮ್ಮ ಕಡೆ ಇದರ ಜತೆಗೆ ಇನ್ನೊಂದು ಸೇರಿಕೊಂಡಿದೆ. ದಾಂಡೇಲಿ ಹೊರಗಿನಿಂದ ಬಂದವರು ಕಟ್ಟಿದ ಊರು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಂಪನಿ ಸ್ಥಾಪನೆಯಾದ ಮೇಲೆ ಕೇರಳದಿಂದ, ಆಂಧ್ರದಿಂದ, ಮಹಾರಾಷ್ಟ್ರದಿಂದ, ಬಯಲುಸೀಮೆಯಿಂದ ಜನ ಬಂದು ನೆಲೆನಿಂತರು. ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ ಕಾರ್ಖಾನೆ ಮುಚ್ಚಿದವು. ಕಾಳಿ ಯೋಜನೆಯ ದಿನಗಳಲ್ಲಿ ತುಂಬಿ ತುಳುಕುತ್ತಿದ್ದ ಅಂಬಿಕಾನಗರ, ಗಣೇಶಗುಡಿಗಳ ಕಳೆ ಇಳಿಯಿತು. ಮಿಲ್ಲಿನಿಂದ ನಿವೃತ್ತರಾದವರು ಕ್ವಾರ್ಟರ್ಸ್ ಬಿಟ್ಟು ಊರಂಚಿನಲ್ಲಿ ಪುಟ್ಟ ಮನೆ ಕಟ್ಟಿಕೊಂಡರು. ಮಕ್ಕಳು ಪುಣೆ, ಗೋವಾ, ಬೆಂಗಳೂರು ಸೇರಿದರು. ಮೂಲದ ಊರಿನಲ್ಲಿ ಇವರನ್ನು ಗುರುತಿಸುವವರಿಲ್ಲ, ಇಲ್ಲಿ ಅಣ್ಣತಮ್ಮಂದಿರ ಬಳಗವಿಲ್ಲ. ಜೋಯಿಡಾದ ಕತೆ ಬೇರೆ, ಆದರೆ ಕೊನೆ ಒಂದೇ. ಸೂಪಾ ಪಟ್ಟಣವೇ ಜಲಾಶಯದಲ್ಲಿ ಮುಳುಗಿ ಜನ ರಾಮನಗರದ ಕಡೆ ಎದ್ದುಹೋದರು. ಹುಲಿ ಸಂರಕ್ಷಿತ ಪ್ರದೇಶದಿಂದ ಪರಿಹಾರ ಪಡೆದು ಕೆಲವು ಕುಟುಂಬಗಳು ಹೊರಬಂದವು. ಕುಣಬಿ ಮನೆಗಳ ಹುಡುಗರು ಗೋವಾದ ಹೋಟೆಲು, ಕಾರ್ಖಾನೆಗಳಿಗೆ ಹೋದರು. ಅಪ್ಪ-ಅಮ್ಮ ಗದ್ದೆ ಕಾಯುತ್ತ ಉಳಿದರು.

ಇದರ ಗುರುತುಗಳು ಈಗಾಗಲೇ ಕಾಣುತ್ತಿವೆ. ಆಶಾ ಕಾರ್ಯಕರ್ತೆಗೆ, ಅಂಚೆಯಣ್ಣನಿಗೆ, ಔಷಧ ಅಂಗಡಿಯವನಿಗೆ ಅವು ಚೆನ್ನಾಗಿ ಗೊತ್ತು. ಚೌತಿಗೆ ಮಾತ್ರ ಬಾಗಿಲು ತೆರೆಯುವ ಮನೆಗಳು ಹೆಚ್ಚಿವೆ. ಮಾತ್ರೆ ಚೀಟಿ ಹಿಡಿದು ಬರುವವನು ಮಗನಲ್ಲ, ಪಕ್ಕದ ಮನೆಯ ಹುಡುಗ. ರಾತ್ರಿ ಎದೆನೋವು ಬಂದರೆ ಮೊದಲ ಫೋನು ಹೋಗುವುದು ಪರಿಚಯದ ಆಟೋದವನಿಗೆ. ಡಿಗ್ಗಿಯಂಥ ಊರಿನಿಂದ ಜೋಲಿ ಕಟ್ಟಿ ರೋಗಿಯನ್ನು ಹೊತ್ತು ತರುವ ಚಿತ್ರ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹೊರಲು ನಾಲ್ಕು ಹೆಗಲು ಊರಿನಲ್ಲಿ ಉಳಿದಿರುವವರೆಗೆ ಮಾತ್ರ ಆ ಜೋಲಿಯೂ ನಡೆಯುತ್ತದೆ.

“ನಮ್ಮಲ್ಲಿ ಅದೆಲ್ಲ ಆಗುವುದಿಲ್ಲ, ನಾವು ತಂದೆ-ತಾಯಿಯನ್ನು ದೇವರೆನ್ನುವವರು” ಎಂದು ಹೇಳುವವರು ಇದ್ದಾರೆ. ಅವರು ದಕ್ಷಿಣ ಕೊರಿಯಾದ ಕಡೆ ಒಮ್ಮೆ ನೋಡಬೇಕು. ಹೆತ್ತವರ ಸೇವೆಯೇ ಮನುಷ್ಯನ ಮೊದಲ ಧರ್ಮ ಎಂದು ಶತಮಾನಗಳಿಂದ ನಂಬಿದ ನಾಡು ಅದು. ಹಿರಿಮಗ, ಅವನ ಹೆಂಡತಿ, ಅವರ ಮನೆಯ ಬೆಚ್ಚಗಿನ ಕೋಣೆ, ಮುಪ್ಪಿನ ಗತಿ ಎಂದರೆ ಅಷ್ಟೇ ಆಗಿತ್ತು. 2000ದ ಹೊತ್ತಿಗೆ ಅಲ್ಲಿ 65 ದಾಟಿದವರು ನೂರಕ್ಕೆ 7. 2024ರ ಡಿಸೆಂಬರಿನಲ್ಲಿ ಅದು 20 ದಾಟಿತು. ಕಾಲು ಶತಮಾನವೂ ಹಿಡಿಯಲಿಲ್ಲ. ಅದೇ ಹೊತ್ತಿಗೆ ಮಕ್ಕಳ ಹುಟ್ಟು ಕುಸಿಯಿತು, 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72. ಮಗನ ಮನೆಯಲ್ಲಿ ಆ ಬೆಚ್ಚಗಿನ ಕೋಣೆಯೂ ಉಳಿಯಲಿಲ್ಲ, ನೋಡಿಕೊಳ್ಳಲು ಹಗಲಲ್ಲಿ ಮನೆಯಲ್ಲಿರುವ ಸೊಸೆಯೂ ಉಳಿಯಲಿಲ್ಲ.

ಆದರೆ ಕೊರಿಯಾ ಕೈಕಟ್ಟಿ ಕೂರಲಿಲ್ಲ. 2008ರ ಜುಲೈ 1ರಿಂದ ದೀರ್ಘಕಾಲದ ಆರೈಕೆಗೆಂದೇ ಪ್ರತ್ಯೇಕ ಸಾಮಾಜಿಕ ವಿಮೆ ತಂದಿತು. ಆರೋಗ್ಯ ವಿಮೆಯ ಕಂತಿನ ಜತೆಗೇ ಇದಕ್ಕೂ ಎಲ್ಲರೂ ಕಟ್ಟುತ್ತಾರೆ. 65 ದಾಟಿದವರು, ಮರೆವಿನ ಕಾಯಿಲೆಯಂಥವು ತಗುಲಿದ ಕಿರಿಯರು ಅರ್ಜಿ ಹಾಕಿದರೆ ಮನೆಗೆ ಬಂದು ಪರೀಕ್ಷಿಸಿ ದರ್ಜೆ ನಿಗದಿ ಮಾಡುತ್ತಾರೆ. ಆರೈಕೆ ಕೇಂದ್ರ ಸೇರಿದರೆ ಆರೈಕೆಯ ಖರ್ಚಿನಲ್ಲಿ ನೂರಕ್ಕೆ 20ರಷ್ಟನ್ನು ಮನೆಯವರು ಕೊಟ್ಟರೆ ಸಾಕು, ಊಟದ ಹಣ ಬೇರೆ. ತರಬೇತಿ ಪಡೆದು ಪರೀಕ್ಷೆ ಪಾಸಾದ ಆರೈಕೆದಾರರ ದೊಡ್ಡ ಪಡೆಯೇ ಸಿದ್ಧವಾಯಿತು. ಕಟ್ಟಡ, ಹಣ, ಕಾನೂನು ಎಲ್ಲ ಇತ್ತು.

ಇಷ್ಟಿದ್ದೂ ಅಲ್ಲಿನ ವೃದ್ಧರಿಗೆ ಆ ಕೇಂದ್ರಗಳಿಗೆ ಹೊಂದಿಕೊಳ್ಳುವುದು ಬಹಳ ಕಷ್ಟವಾಯಿತು. ನಮಗೆ ಬೇಕಾದ ಪಾಠ ಇರುವುದು ಇಲ್ಲೇ. ಹೆತ್ತವರನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ ಬಿಟ್ಟುಬರುತ್ತಿದ್ದರೆಂಬ ಹಳೆಯ ಕತೆಯೊಂದು ಕೊರಿಯಾದಲ್ಲಿದೆ, ಈ ಕೇಂದ್ರಗಳನ್ನು ಜನ ಆ ಕತೆಗೆ ಹೋಲಿಸಿ ಮಾತಾಡುತ್ತಾರೆ. ವೃದ್ಧರ ಪಕ್ಕ ಕೂತು ಅವರ ಮಾತು ಕೇಳಿ ಬರೆದ ಅಲ್ಲಿನ ನರ್ಸಿಂಗ್ ಸಂಶೋಧಕರ ಬರಹಗಳಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಬರುತ್ತದೆ. ಮಕ್ಕಳೇ ಮಾತಾಡಿಕೊಂಡು ತೀರ್ಮಾನಿಸಿ, ಆಮೇಲೆ ತಿಳಿಸಿದ್ದು. ಕೆಲವರಿಗೆ ಆಸ್ಪತ್ರೆಗೆ ಹೋಗೋಣ, ನಾಲ್ಕು ದಿನ ಇದ್ದು ಬರೋಣ ಎಂದು ಹೇಳಿ ಕರೆತಂದದ್ದು. ಮೊದಲ ವಾರಗಳಲ್ಲಿ ಬಾಗಿಲ ಕಡೆಗೇ ಕಣ್ಣು. ಆಮೇಲೆ ಸಿಟ್ಟು. ಆಮೇಲೆ, ಮಕ್ಕಳಿಗೆ ಭಾರವಾಗಬಾರದು ಎಂದು ತಮಗೆ ತಾವೇ ಹೇಳಿಕೊಂಡು ಬಾಯಿ ಮುಚ್ಚಿಕೊಳ್ಳುವುದು. ಮಗ ನೋಡಲು ಬಂದಾಗ “ಇಲ್ಲಿ ಏನೂ ತೊಂದರೆಯಿಲ್ಲ” ಎಂದು ನಗುವುದು. ಕೇಂದ್ರದ ಕಡತದಲ್ಲಿ ಇದನ್ನು ಹೊಂದಾಣಿಕೆ ಎಂದು ಬರೆದುಕೊಳ್ಳಬಹುದು. ಆ ಮೌನವನ್ನು ಹೊಂದಾಣಿಕೆ ಎನ್ನಲು ನಾವು ಒಪ್ಪುವುದಿಲ್ಲ.

ನಿಜವಾಗಿ ಹೊಂದಿಕೊಂಡವರು ಯಾರು ಎಂಬುದೂ ಅಲ್ಲಿನ ಅನುಭವದಿಂದ ತಿಳಿಯುತ್ತದೆ. ಹೋಗುವ ನಿರ್ಧಾರದಲ್ಲಿ ತಮ್ಮ ಮಾತೂ ನಡೆದವರು. ತಮ್ಮ ಹೊದಿಕೆ, ಫೋಟೋ, ಪ್ರಾರ್ಥನೆಯ ಪುಸ್ತಕ ಜತೆಗೆ ತರಲು ಸಾಧ್ಯವಾದವರು. ಪಕ್ಕದ ಹಾಸಿಗೆಯವರೊಂದಿಗೆ ಮಾತು ಬೆಳೆದವರು. ಬಟ್ಟೆ ಮಡಚುವುದೋ, ಕುಂಡಕ್ಕೆ ನೀರು ಹಾಕುವುದೋ, ಏನಾದರೊಂದು ಕೆಲಸ ತಮ್ಮದೆಂದು ಉಳಿಸಿಕೊಂಡವರು. ಮನೆಯವರು ಆಗಾಗ ಬರುತ್ತಿದ್ದವರು. ಕೊವಿಡ್ ಕಾಲದಲ್ಲಿ ಭೇಟಿ ನಿಂತು, ಗಾಜಿನ ಆಚೆಯಿಂದ ಕೈಬೀಸುವಷ್ಟಕ್ಕೆ ಬಂದಾಗ ಹೊಂದಿಕೊಂಡವರೂ ಕುಗ್ಗಿದರು.

ಇದನ್ನು ನಮ್ಮ ನೆಲದಲ್ಲಿ ಇಟ್ಟು ನೋಡಿ. ಧಾರವಾಡದ ಕಡೆಯ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ಜೋಯಿಡಾ ಕಡೆಯ ಆಯಿಯೊಬ್ಬರನ್ನು ನಾವು ಮಾತಾಡಿಸಿದ್ದೆವು. ಜಾಗ ಚೊಕ್ಕವಾಗಿತ್ತು, ನೋಡಿಕೊಳ್ಳುವ ಹುಡುಗಿಯರು ಒಳ್ಳೆಯವರೇ. ಆಯಿಗೆ ಮನೆಮಾತು ಕೊಂಕಣಿ, ಕನ್ನಡ ತೊಡಕು. ಹುಡುಗಿಯರಿಗೆ ಕೊಂಕಣಿ ಬಾರದು. ಬಿಸಿನೀರು ಬೇಕಾದರೆ ಆಯಿ “ಹೂನ್ ಉದಕ” ಎನ್ನುತ್ತಾರೆ, ಅವರು ನಕ್ಕು ತಣ್ಣೀರು ತಂದಿಡುತ್ತಾರೆ. ಸೊಂಟದ ಕವಳದ ಸಂಚಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಗೋಡೆ ಹಾಳಾಗುತ್ತದೆಂದು ಅಲ್ಲಿ ಎಲೆ-ಅಡಿಕೆ ನಿಷೇಧ. ಸಂಚಿಯಲ್ಲಿ ಒಣಗಿದ ಸುಣ್ಣದ ಡಬ್ಬಿ, ಒಂದು ಅಡಕತ್ತರಿ. ಊಟ ಸಂಜೆ ಏಳರೊಳಗೆ ಮುಗಿಯುತ್ತದೆ, ಆಮೇಲೆ ದೀಪ ಆರುತ್ತದೆ. ನಸುಕಿನಲ್ಲೆದ್ದು ಕೊಟ್ಟಿಗೆಗೆ ಹೋಗಿ ಅಭ್ಯಾಸವಾದ ಜೀವ, ಕತ್ತಲಲ್ಲೇ ಎದ್ದು ಮಂಚದ ಮೇಲೆ ಕೂತಿರುತ್ತದೆ. ನಸುಕಿನಲ್ಲಿ ಓಡಾಡುತ್ತಾರೆ, ಗಲಾಟೆ ಎಂದು ದೂರು. ಅವರ ಮೇಲೆ ಯಾರೂ ಕೈ ಮಾಡಿಲ್ಲ, ಊಟ ಕೊಡದೆ ಇಟ್ಟಿಲ್ಲ. ಆದರೂ ದಿನಕ್ಕೊಂದಿಷ್ಟು ಕರಗುತ್ತಿದ್ದಾರೆ.

ಪ್ರತಿ ಜನವರಿ ಸುಮಾರಿಗೆ ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಮೇಳ ನಡೆಯುತ್ತದೆ. ಕುಣಬಿ ಹೆಂಗಸರು ತಮ್ಮ ಹಿತ್ತಲಿನ ಗೆಡ್ಡೆಗಳನ್ನು ರಾಶಿ ಹಾಕಿ ಕೂರುತ್ತಾರೆ. ಯಾವುದನ್ನು ಎಷ್ಟು ಹೊತ್ತು ಬೇಯಿಸಬೇಕು, ಯಾವುದು ನಾಲಿಗೆ ತುರಿಸುತ್ತದೆ, ಯಾವುದನ್ನು ಯಾವ ಮಣ್ಣಿನಲ್ಲಿ ಹೂಳಬೇಕು ಎಂದು ಹೇಳಬಲ್ಲವರು ಅವರಲ್ಲಿ ವಯಸ್ಸಾದವರೇ. ಅಧಿಕಾರಿಗಳೂ ವಿಜ್ಞಾನಿಗಳೂ ಅವರ ಮುಂದೆ ಬಗ್ಗಿ ಕೇಳುತ್ತಾರೆ. ಅದೇ ಹೆಂಗಸನ್ನು ಒಂದು ಸಿಮೆಂಟಿನ ಕಟ್ಟಡದ ಎರಡನೇ ಮಹಡಿಯಲ್ಲಿ ಕೂರಿಸಿ, ದಿನಾ ಅನ್ನ-ಸಾರು ಬಡಿಸಿ, ಇವರಿಗೆ ಏನೂ ತಿಳಿಯುವುದಿಲ್ಲ ಎಂದು ಬರೆದುಕೊಳ್ಳುವ ದಿನ ಬಾರದಿರಲಿ.

ಬೇರೆ ದಾರಿ ಇದೆಯೇ ಎಂದು ಹುಡುಕಲು ಕೊರಿಯಾಕ್ಕೇ ಹೋಗಬೇಕಾಗಿಲ್ಲ. ಮುಂಡಗೋಡಕ್ಕೆ ಹೋದರೆ ಸಾಕು.

1959ರಲ್ಲಿ ದಲಾಯಿ ಲಾಮಾರ ಹಿಂದೆ ಹಿಮಾಲಯ ದಾಟಿ ಬಂದ ಟಿಬೆಟಿಯನ್ನರು ಮೊದಲ ವರ್ಷಗಳನ್ನು ಉತ್ತರದ ಗುಡ್ಡಗಾಡಿನಲ್ಲಿ ರಸ್ತೆ ಕೆಲಸದ ಕೂಲಿಯಾಗಿ ಕಳೆದರು. ಮೈಸೂರು ರಾಜ್ಯ ಜಾಗ ಕೊಟ್ಟ ಮೇಲೆ ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ನೆಲೆ ಸಿಕ್ಕಿತು. ಚಳಿಯ ನಾಡಿನವರು ಮಲೆನಾಡಿನ ಸೆರಗಿನ ಸೆಖೆಗೆ, ಸೊಳ್ಳೆಗೆ ಬಂದು ಕಾಡು ಕಡಿದು ಗೋವಿನಜೋಳ ಬಿತ್ತಿದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಆ ತಲೆಮಾರಿನವರು ಈಗ 80ರ ಆಚೀಚೆ. ಅವರ ಮಕ್ಕಳು, ಮೊಮ್ಮಕ್ಕಳು ಯುರೋಪು, ಅಮೆರಿಕ, ಕೆನಡಾ ಕಡೆಗೆ ಹೋಗುತ್ತಿದ್ದಾರೆ. ಟಿಬೆಟಿಯನ್ ಕ್ಯಾಂಪಿನ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ, ಮನೆಗಳಲ್ಲಿ ಮುದುಕರು ಹೆಚ್ಚಾಗಿದ್ದಾರೆ. ನಮ್ಮ ಹಳ್ಳಿಗಳಿಗೆ ಮುಂದೆ ಬರಲಿರುವ ದಿನ ಅಲ್ಲಿ ಈಗಲೇ ಬಂದಿದೆ.

ಅದಕ್ಕೆ ಆ ಸಮುದಾಯ ಕಂಡುಕೊಂಡ ಉತ್ತರ, ಕ್ಯಾಂಪಿನೊಳಗೇ ತಮ್ಮವರಿಗಾಗಿ ನಡೆಸುವ ವೃದ್ಧರ ಮನೆ. ದಿಕ್ಕಿಲ್ಲದವರು, ಮೈಯಲ್ಲಿ ಶಕ್ತಿ ಉಡುಗಿದವರು ಅಲ್ಲಿರುತ್ತಾರೆ. ಒಮ್ಮೆ ದೇಶವನ್ನೇ ಕಳೆದುಕೊಂಡವರು, ಮನೆ ಬಿಟ್ಟು ಬರುವ ನೋವನ್ನು ಎರಡನೇ ಸಲ ಉಣ್ಣುತ್ತಿರುವವರು. ಆದರೆ ಅವರ ಸುತ್ತ ಮಾತು ಅವರದೇ, ಕೈಯಲ್ಲಿ ಜಪಮಾಲೆ ಅವರದೇ, ಕುಡಿಯುವ ಚಹಾ ಅವರ ರುಚಿಯದೇ. ಗಾನ್‌ದೆನ್, ದ್ರೆಪುಂಗ್ ಮಠಗಳ ಮಂತ್ರದ ಸದ್ದು ಅವರು ಹುಟ್ಟಿದಾಗಿನಿಂದ ಕೇಳಿದ ಸದ್ದು. ಜತೆಗೆ ಕೂಲಿ ಮಾಡಿದವರು, ಜತೆಗೆ ಕಾಡು ಕಡಿದವರು ದಾರಿಯಲ್ಲಿ ಸಿಗುತ್ತಾರೆ. ಹೊಲಿಗೆಯಂಗಡಿಯವನು ಹೆಸರು ಹಿಡಿದು ಕರೆಯುತ್ತಾನೆ. ಹಣದಲ್ಲಿ ಕೊರಿಯಾಕ್ಕೂ ಮುಂಡಗೋಡದ ಕ್ಯಾಂಪಿಗೂ ಹೋಲಿಕೆಯೇ ಇಲ್ಲ. ಊರು ಬಿಡದೆ ಮನೆ ಬದಲಾಯಿಸಲು ಸಾಧ್ಯವಾದದ್ದು ಮಾತ್ರ ಕ್ಯಾಂಪಿನವರಿಗೆ. ಮುಂಡಗೋಡದಲ್ಲಿ ಟಿಬೆಟಿಯನ್ ಅಜ್ಜನಿಗೆ ಸಿಗುವ ಈ ಸವಲತ್ತು ಪಕ್ಕದ ಗೌಳಿವಾಡದ ಅಜ್ಜನಿಗೆ, ಸಿದ್ದಿ ಅಜ್ಜಿಗೆ ಯಾಕಿಲ್ಲ ಎಂದು ತಾಲೂಕಿನ ಯಾವ ಸಭೆಯೂ ಕೇಳಿದಂತೆ ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಕಲಮಿನ ಪ್ರಕಾರ ರಾಜ್ಯ ಸರಕಾರ ಹಂತ ಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಿಂದ ಆರಂಭಿಸಿ, ಗತಿಯಿಲ್ಲದ ಕನಿಷ್ಠ 150 ವೃದ್ಧರಿಗೆ ಆಶ್ರಮ ಸ್ಥಾಪಿಸಬಹುದು. ‘ಸ್ಥಾಪಿಸತಕ್ಕದ್ದು’ ಎಂದಿಲ್ಲ, ‘ಸ್ಥಾಪಿಸಬಹುದು’ ಎಂದಿದೆ. ಸುಲಭವಾಗಿ ತಲುಪಬಹುದಾದ ಜಾಗದಲ್ಲಿ ಎಂದೂ ಇದೆ. ಕಡಲು, ಘಟ್ಟ, ಬಯಲು ಎಲ್ಲವೂ ಇರುವ 12 ತಾಲೂಕುಗಳ ಉತ್ತರ ಕನ್ನಡದಲ್ಲಿ ಎಲ್ಲರಿಗೂ ಸುಲಭವಾಗಿ ತಲುಪಬಹುದಾದ ಒಂದು ಜಾಗವನ್ನು ಯಾರಾದರೂ ತೋರಿಸಲಿ. 150 ಹಾಸಿಗೆಯ ಒಂದು ಕಟ್ಟಡವನ್ನು ಕಾರವಾರದಲ್ಲಿ ಕಟ್ಟಿ ಉದ್ಘಾಟಿಸಿದರೆ ಕಾಯ್ದೆಯ ಅಕ್ಷರ ಪೂರೈಸುತ್ತದೆ, ಹಳಿಯಾಳದ ಅಜ್ಜಿಗೆ ಅದು ಪರದೇಶ. ಬೆಳಿಗ್ಗೆ ಬಸ್ಸು ಹತ್ತಿ ತಾಯಿಯನ್ನು ಕಂಡು ಸಂಜೆಗೆ ಮನೆ ಸೇರುವ ದೂರದಲ್ಲಿ ಆಶ್ರಮವಿಲ್ಲದಿದ್ದರೆ ಕೂಲಿ ಮಾಡುವ ಮಗಳು ಎಷ್ಟು ಸಲ ಹೋಗಿಯಾಳು?

ಆಸ್ತಿ ವಾಪಸು ಪಡೆಯುವ 23ನೇ ಕಲಮಿನ ಬಗ್ಗೆ ಈಗ ಬಹಳ ಮಾತು ನಡೆದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದುಪಡಿಸಬಹುದು ಎನ್ನುವ ಕಲಂ ಅದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಬ್ಬ ತಾಯಿಯ ಪ್ರಕರಣದಲ್ಲಿ ಈ ಕಲಮನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಒಳ್ಳೆಯದೇ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಮ್ಮ ನಾಲ್ಕು ತಾಲೂಕುಗಳಲ್ಲಿ ಅದು ಎಷ್ಟು ಜನರ ಕೈಗೆ ಎಟುಕುತ್ತದೆ? ಸಿದ್ದಿ, ಗೌಳಿ, ಕುಣಬಿ ಕುಟುಂಬಗಳು ತಲೆತಲಾಂತರದಿಂದ ಉತ್ತ ನೆಲದಲ್ಲಿ ಬಹುಪಾಲು ದಾಖಲೆಯಲ್ಲಿ ಅರಣ್ಯ. ಪಹಣಿಯಲ್ಲಿ ಹೆಸರಿಲ್ಲದವನು ಯಾವ ಆಸ್ತಿಯನ್ನು ಮಗನಿಗೆ ಬರೆದುಕೊಟ್ಟಾನು, ಯಾವುದನ್ನು ರದ್ದು ಮಾಡಿಸಿಯಾನು? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, 75 ವರ್ಷದ ವಾಸ ತೋರಿಸಬೇಕು. ಅದಕ್ಕೆ ನಿಯಮಗಳು ಒಪ್ಪುವ ಸಾಕ್ಷ್ಯಗಳಲ್ಲಿ ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಒಂದು. ಅರ್ಜಿ ಹಾಕುವ ದಿನ ಅಜ್ಜನನ್ನು ಹೊತ್ತು ಸಭೆಗೆ ತರುತ್ತೇವೆ, ಹೆಬ್ಬೆಟ್ಟು ಒತ್ತಿಸುತ್ತೇವೆ. ಊರಿಗೆ ನೆಲದ ಹಕ್ಕು ತಂದುಕೊಡಬಲ್ಲ ಆ ಮಾತಿಗೆ, ತಾನು ಎಲ್ಲಿ ಸಾಯಬೇಕೆಂದು ಹೇಳುವಾಗಲೂ ಅಷ್ಟೇ ಬೆಲೆ ಸಿಗಬೇಕು.

ಇನ್ನು ದೂರು ಕೊಡುವ ದಾರಿ. ಅದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಉಪವಿಭಾಗಾಧಿಕಾರಿ ಕೂರುವುದು ದಾಂಡೇಲಿಯಲ್ಲೂ ಅಲ್ಲ, ಜೋಯಿಡಾದಲ್ಲೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆತ್ತ ತಾಯಿ ಮಗನ ಮೇಲೆ ಸುಲಭಕ್ಕೆ ಅರ್ಜಿ ಹಾಕುವುದಿಲ್ಲ. ಹಾಕುವ ಸ್ಥಿತಿಗೆ ಬರುವ ಮೊದಲೇ ಊರು ಕೈಚಾಚಬೇಕು.

ಹಣದ ವಿಷಯವನ್ನು ಬಿಡುವಂತಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಸಿಗುವುದು 1,200 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರ ಕೊಡುವ ಪಾಲು 200 ರೂಪಾಯಿ, ವರ್ಷಗಳಿಂದ ಅಷ್ಟೇ ಇದೆ. ಖಾಸಗಿ ಆಶ್ರಮಗಳು ತಿಂಗಳಿಗೆ ಕೇಳುವುದು ಇದರ ಹಲವು ಪಟ್ಟು. ಹಾಸಿಗೆ ಹಿಡಿದವರನ್ನು, ಮರೆವಿನವರನ್ನು ಎಷ್ಟೋ ಆಶ್ರಮಗಳು ತೆಗೆದುಕೊಳ್ಳುವುದೇ ಇಲ್ಲ. ಹೀಗಾಗಿ ಆಶ್ರಮ ಯಾರಿಗೆ ಹೆಚ್ಚು ಬೇಕೋ ಅವರಿಗೇ ಬಾಗಿಲು ಮುಚ್ಚಿದೆ. ಆಶ್ರಮಗಳನ್ನೂ ಮನೆಗೆ ಆರೈಕೆದಾರರನ್ನು ಕಳಿಸುವ ಏಜೆನ್ಸಿಗಳನ್ನೂ ಕಡ್ಡಾಯವಾಗಿ ನೋಂದಾಯಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿತ್ತು. ಅದು ಕಾಯ್ದೆಯಾಗಲಿಲ್ಲ. ಕಾಳಿ ದಂಡೆಯಲ್ಲಿ ರೆಸಾರ್ಟು, ಹೋಮ್‌ಸ್ಟೇ ಹೇಗೆ ತಲೆಯೆತ್ತಿದವೆಂಬುದನ್ನು ನಾವೆಲ್ಲ ನೋಡಿದ್ದೇವೆ. ಮೊದಲು ಬೋರ್ಡು, ಆಮೇಲೆ ಪರವಾನಗಿಯ ಮಾತು. ನಾಳೆ ವೃದ್ಧಾಶ್ರಮಗಳ ಬೋರ್ಡುಗಳೂ ಹಾಗೇ ಎದ್ದರೆ ತಡೆಯಲು ತಾಲೂಕು ಆಡಳಿತದ ಕೈಯಲ್ಲಿ ಏನಿದೆ?

ಮಕ್ಕಳನ್ನು ಬೈದು ಈ ವಿಷಯ ಮುಗಿಸುವವರ ಜತೆ ನಾವಿಲ್ಲ. ಮಗ ಗುತ್ತಿಗೆ ಕೆಲಸದಲ್ಲಿ ಪಾಳಿ ಮಾಡುತ್ತಿರುವಾಗ, ಮಕ್ಕಳ ಶಾಲೆ, ಮನೆಬಾಡಿಗೆ ಎರಡನ್ನೂ ತೂಗಿಸುವ ಸೊಸೆ ಹಾಸಿಗೆಯಲ್ಲೇ ಎಲ್ಲ ಮಾಡಿಕೊಳ್ಳುವ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಂಡಾಗ ಊರಿನಿಂದ ಯಾರೂ ಒಂದು ದಿನ ಬಂದು ನೀನು ಮಲಗು, ನಾನು ಕೂರುತ್ತೇನೆ ಎನ್ನಲಿಲ್ಲ. ಬಿಟ್ಟುಹೋದ ಮೇಲೆ ಮಾತ್ರ ಎಲ್ಲರೂ ಬಾಯಿ ತೆರೆದರು. ಆಸ್ಪತ್ರೆಯಲ್ಲಿ ಬಿಟ್ಟುಹೋಗುವುದು ಅಪರಾಧವೇ ಸರಿ, ಆದರೆ ಅಲ್ಲಿಗೆ ತಲುಪುವ ಮುಂಚಿನ ಹತ್ತು ಮೆಟ್ಟಿಲುಗಳಲ್ಲಿ ಎಲ್ಲಾದರೂ ಒಂದು ಕಡೆ ನೆರವು ಸಿಕ್ಕಿದ್ದರೆ ಹಲವರು ಅಲ್ಲೇ ನಿಲ್ಲುತ್ತಿದ್ದರು.

ಆದ್ದರಿಂದ ನಾವು ಕೇಳುವುದು ಇಷ್ಟು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕರಲ್ಲೂ ತಲಾ ಇಪ್ಪತ್ತು-ಇಪ್ಪತ್ತೈದು ಜನರ ಸಣ್ಣ ಮನೆ ಬೇಕು, ಜಿಲ್ಲೆಗೊಂದು ದೊಡ್ಡ ಕಟ್ಟಡ ಬೇಡ. ಹೊಸದಾಗಿ ಕಟ್ಟಲು ಕಾಯಬೇಕಿಲ್ಲ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಸರಕಾರಿ ಶಾಲೆಗಳಿವೆ, ಖಾಲಿ ಬಿದ್ದ ಇಲಾಖೆಯ ವಸತಿಗೃಹಗಳಿವೆ. ನೆಲ ಅಂತಸ್ತು, ಅಂಗಳ, ಒಂದಿಷ್ಟು ಹಿತ್ತಲು ಇದ್ದರೆ ಸಾಕು. ರಾತ್ರಿ ವಾಸಕ್ಕೆ ಮೊದಲು ಅದೇ ಜಾಗದಲ್ಲಿ ಹಗಲಿನ ಕೇಂದ್ರ ಆರಂಭವಾಗಲಿ. ಬೆಳಿಗ್ಗೆ ಬಂದು ಉಂಡು, ಕವಳ ಹಾಕಿ, ಹರಟಿ ಸಂಜೆ ಮನೆಗೆ ಹೋಗುವವರಿಗೆ ಆ ಜಾಗ ಪರಿಚಯವಾಗಿರುತ್ತದೆ. ಮುಂದೆ ಅಲ್ಲೇ ಮಲಗಬೇಕಾಗಿ ಬಂದಾಗ ಅದು ಅಪರಿಚಿತರ ಮನೆಯಾಗಿರುವುದಿಲ್ಲ. ನೋಡಿಕೊಳ್ಳುವವರು ಇದೇ ತಾಲೂಕಿನ ಹೆಂಗಸರು, ಗಂಡಸರು ಆಗಿರಲಿ. ಕನ್ನಡದ ಜತೆ ಕೊಂಕಣಿಯೋ ಮರಾಠಿಯೋ ಬರುವವರು, ತರಬೇತಿಯೂ ಮರ್ಯಾದೆಯ ಸಂಬಳವೂ ಇರುವವರು. ಹದಿನೈದು ದಿನ ಇದ್ದು ನೋಡಿ ಬೇಡವೆನಿಸಿದರೆ ವಾಪಸು ಹೋಗುವ ಹಕ್ಕು ಬರವಣಿಗೆಯಲ್ಲಿರಲಿ. ದೀಪಾವಳಿಗೆ ಗೌಳಿ ಅಜ್ಜ ತನ್ನ ಎಮ್ಮೆಗಳ ಮುಂದೆ ನಿಲ್ಲಬೇಕು, ಹಿರಿಯರ ಪೂಜೆಗೆ ಸಿದ್ದಿ ಅಜ್ಜಿ ಮನೆಯಲ್ಲಿರಬೇಕು, ಅದಕ್ಕೆ ವಾಹನದ ವ್ಯವಸ್ಥೆ ಆಗಬೇಕು.

ಈಗಾಗಲೇ ನಡೆಯುತ್ತಿರುವ ಖಾಸಗಿ ಆಶ್ರಮಗಳಿಗೆ ವರ್ಷಕ್ಕೆರಡು ಸಲ ತಪಾಸಣೆ ಬೇಕು. ಹೋದ ಅಧಿಕಾರಿ ಅಡುಗೆಮನೆ, ಶೌಚಾಲಯ ನೋಡಿ ಬಂದರೆ ಸಾಲದು. ಸಿಬ್ಬಂದಿಯನ್ನೂ ಮಕ್ಕಳನ್ನೂ ಹೊರಗೆ ಕಳಿಸಿ, ಪ್ರತಿಯೊಬ್ಬರ ಪಕ್ಕ ಕೂತು ಅವರ ಮಾತಿನಲ್ಲೇ ಒಂದು ಪ್ರಶ್ನೆ ಕೇಳಬೇಕು. ನೀವು ಇಲ್ಲಿಗೆ ಬಂದದ್ದು ನಿಮಗೆ ಹೇಳಿ, ನೀವು ಒಪ್ಪಿದ ಮೇಲೆಯೋ? ಉತ್ತರ ಕಡತಕ್ಕೆ ಸೇರಬೇಕು.

ಇದೆಲ್ಲದಕ್ಕೂ ಮೊದಲು ಎಣಿಕೆ ಆಗಬೇಕು. 70 ದಾಟಿ ಒಂಟಿಯಾಗಿರುವವರು, ವಯಸ್ಸಾದ ದಂಪತಿ ಮಾತ್ರ ಇರುವ ಮನೆಗಳು, ಹಾಸಿಗೆ ಹಿಡಿದವರು ಯಾವ ಊರಿನಲ್ಲಿ ಎಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳು ಆಶಾ ಕಾರ್ಯಕರ್ತೆಯರ ನೆರವಿನಿಂದ ಕೆಲವೇ ವಾರಗಳಲ್ಲಿ ಮಾಡಬಹುದು. ಅವರಿಗೆ ಆ ಕೆಲಸಕ್ಕೆ ಪ್ರತ್ಯೇಕ ಸಂಭಾವನೆ ಕೊಡಬೇಕು. ಆ ಪಟ್ಟಿ ಇಲ್ಲದೆ ಶಾಸಕರೂ ಜಿಲ್ಲಾಧಿಕಾರಿಯೂ ಯಾವ ಲೆಕ್ಕದ ಮೇಲೆ ಹಣ ಕೇಳುತ್ತಾರೆ?

ಓದುಗರಲ್ಲಿ ಮೂರು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋಗಿ ಈ ಎಣಿಕೆಯ ಠರಾವು ಮಾಡಿಸಿ, ನಡಾವಳಿಯಲ್ಲಿ ಬರೆಸಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಅವರ ಕೈಕಾಲು ಗಟ್ಟಿಯಿರುವಾಗಲೇ, ಮುಂದೆ ಎಲ್ಲಿ, ಯಾರ ಜತೆ ಇರಲು ಇಷ್ಟ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಅಕ್ಕಪಕ್ಕದಲ್ಲಿ ಯಾರಾದರೂ ಹಿರಿಯರು ದಿಕ್ಕಿಲ್ಲದೆ ಇದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನು ಮಾಡಿ. ಕರೆಗೆ ಹಣ ತಗಲುವುದಿಲ್ಲ.